ಆರು ಎಳನೀರು, ಅರ್ಹ ಕೈ ಒಂದೂ ಇಲ್ಲ

ಈಚೆಗೆ ನನ್ನ ಅಕ್ಕನ ಮಗ ಒಂದು ಡಬ್ಬಿ ತಂದುಕೊಟ್ಟ. ಒಳಗೆ ಮರದ ಹಿಡಿಕೆ, ಹಿಡಿಕೆಯ ತುದಿಗೆ ಹೊಳೆಯುವ ಉಕ್ಕಿನ ಕೊಳವೆ. ಎಳನೀರಿನ ತಲೆಯ ಮೇಲಿಟ್ಟು ಒತ್ತಿ ತಿರುವಿದರೆ ತೂತು ಬೀಳುತ್ತದಂತೆ. ಡಬ್ಬಿಯ ಮೇಲೆ ನಾಲ್ಕು ಚಿತ್ರಗಳಿದ್ದವು. ಬೆರಳು ಎಲ್ಲಿಡಬೇಕು, ಎಲ್ಲಿಡಬಾರದು ಎಂದು ತೋರಿಸುವ ಚಿತ್ರಗಳು. ನೋಡಿ ನನಗೆ ನಗು ಬಂತು. ಬೆರಳು ಉಳಿಸಿಕೊಳ್ಳುವುದನ್ನು ಯಾರು ಬೇಕಾದರೂ ಹೇಳಿಕೊಟ್ಟಾರು. ಶಾಸ್ತ್ರದಿಂದ ತಪ್ಪಿಸಿಕೊಂಡು ಎಳನೀರು ಕುಡಿಯುವುದು ಹೇಗೆ ಎನ್ನುವ ಐದನೆಯ ಚಿತ್ರವೇ ಆ ಡಬ್ಬಿಯ ಮೇಲೆ ಇರಲಿಲ್ಲ.

ಎಪ್ಪತ್ತರ ದಶಕದ ನಡುವಿನ ಮಾತು. ನನ್ನ ಗಂಡ ಮುದ್ದೇಬಿಹಾಳದಲ್ಲಿ ವಿಜ್ಞಾನದ ಮಾಸ್ತರರು. ಮನೆಯಲ್ಲಿ ನಾವಿಬ್ಬರು ಮತ್ತು ನನ್ನ ಅತ್ತೆ. ಮಾವನವರು ತೀರಿಕೊಂಡು ಐದು ವರ್ಷವಾಗಿತ್ತು. ನಮ್ಮ ಮನೆಯ ಎದುರು ಗೋಡೆಯ ಮೇಲೆ ಸರಕಾರ ಕುಟುಂಬ ಯೋಜನೆಯ ದೊಡ್ಡ ಕೆಂಪು ತ್ರಿಕೋನ ಬರೆಸಿತ್ತು. ಆ ಗೋಡೆಯ ಪ್ರಭಾವವೋ ಏನೋ, ಆ ವರ್ಷ ಓಣಿಯಲ್ಲಿ ನಾಲ್ಕು ಮನೆಯ ಸೊಸೆಯಂದಿರು ಬಸುರಿಯರಾಗಿದ್ದರು. ಅವರಲ್ಲಿ ನಾನೂ ಒಬ್ಬಳು.

ಮೂರನೆಯ ತಿಂಗಳು. ಉಂಡದ್ದು ನಿಲ್ಲುವುದಿರಲಿ, ಕುಡಿದ ನೀರೂ ನಿಲ್ಲುತ್ತಿರಲಿಲ್ಲ. ಜೋಳದ ಗಂಜಿ, ಮಜ್ಜಿಗೆ, ನಿಂಬೆಹುಳಿ ಹಿಂಡಿದ ನೀರು, ಎಲ್ಲವೂ ಹೋದ ದಾರಿಯಲ್ಲೇ ಮರಳಿ ಬರುತ್ತಿದ್ದವು. ಹಿಂದಿನ ವರ್ಷ ಒಂದು ಬಸುರು ಮೂರು ತಿಂಗಳು ತುಂಬುವ ಹೊತ್ತಿಗೆ ಇಳಿದುಹೋಗಿತ್ತು. ಹಾಗಾಗಿ ಈ ಸಲ ನನಗೆ ಹೆದರಿಕೆ ಇತ್ತು. ಅದನ್ನು ಯಾರ ಮುಂದೆಯೂ ಹೇಳುತ್ತಿರಲಿಲ್ಲ. ಹೇಳಿದರೆ ನಿಜವಾಗಿಬಿಟ್ಟೀತು ಎಂಬ ಹೆದರಿಕೆ ಬೇರೆ.

ಡಾಕ್ಟರರು ನನ್ನ ನಾಲಿಗೆ ನೋಡಿ, ಕೈಯ ಮೇಲಿನ ಚರ್ಮ ಚಿವುಟಿ ನೋಡಿ, ಗಂಡನಿಗೆ ಹೇಳಿದರು. "ಮೈಯಾಗ ನೀರ ಇಲ್ರಿ ಮಾಸ್ತರ. ಎಳನೀರ ಸಿಕ್ಕರ ಚಮಚ ಚಮಚ ಕುಡಿಸ್ರಿ, ಅದ ನಿಂತೀತು. ನಾಕ ದಿನ ನೋಡೂನು. ನಿಲ್ಲಲಿಲ್ಲಂದ್ರ ಬಿಜಾಪುರಕ್ಕ ಕರಕೊಂಡ ಹೋಗಿ ಸಲಾಯಿನ್ ಹಚ್ಚಬೇಕು. ಹಿಂದಿನ ಸಲದಂಗ ಆಗಬಾರ್ದು."

ಎಳನೀರು! ಮುದ್ದೇಬಿಹಾಳದ ಪೇಟೆಯಲ್ಲಿ ಆಗ ಸಿಗುತ್ತಿದ್ದದ್ದು ದೇವರಿಗೆ ಒಡೆಯುವ ಬಲಿತ ಕಾಯಿ. ಅದನ್ನೂ ಅಂಗಡಿಯವನು ಕಿವಿಯ ಹತ್ತಿರ ಅಲ್ಲಾಡಿಸಿ, ನೀರಿದೆ ಎಂದು ಪ್ರಮಾಣ ಮಾಡಿ ಕೊಡುತ್ತಿದ್ದ. ಎಳನೀರು ಇದ್ದದ್ದು ಇಂಡಿಯಲ್ಲಿ, ನನ್ನ ಅಪ್ಪನ ತೋಟದಲ್ಲಿ. ನಿಂಬೆಗಿಡಗಳ ನಡುವಿನ ಬಾವಿಯ ದಂಡೆಗೆ ನಾಲ್ಕು ತೆಂಗಿನ ಮರಗಳಿದ್ದವು. ಸುದ್ದಿ ಮುಟ್ಟಿದ್ದೇ ತಡ, ಅಪ್ಪ ಆರು ಎಳನೀರನ್ನು ಚೀಲದಲ್ಲಿ ಹೊಲಿದು ಬಸ್ಸಿನ ಮೇಲೆ ಹಾಕಿಸಿದರು. ಚೀಲ ಸಿಂದಗಿಯಲ್ಲಿ ಬಸ್ಸು ಬದಲಿಸಿ, ತಾಳಿಕೋಟೆಯಲ್ಲಿ ಒಂದು ಗಂಟೆ ಬಿಸಿಲು ಕಾಸಿಕೊಂಡು, ಸಂಜೆಯ ಮುಂದೆ ನಮ್ಮ ಮನೆಗೆ ಬಂತು. ಒಳಗೊಂದು ಚೀಟಿ: "ದಿನಕ್ಕೊಂದು ಕುಡಿಯಬೇಕು. ಕೆಡುವುದರೊಳಗೆ ಮುಗಿಸಬೇಕು." ಒಡೆಯುವುದು ಹೇಗೆ ಎಂದು ಅಪ್ಪ ಬರೆದಿರಲಿಲ್ಲ. ಅವರ ತೋಟದಲ್ಲಿ ಮರ ಹತ್ತುವವನೇ ಇಳಿದು ಬಂದು, ಮೂರು ಏಟಿಗೆ ಕೊಚ್ಚಿ, ಬಾಯಿ ತೆಗೆದು ಕೈಗೆ ಕೊಡುತ್ತಿದ್ದ. ಎಳನೀರು ಬಾಯಿ ತೆರೆದುಕೊಂಡೇ ಹುಟ್ಟುತ್ತದೆ ಎಂದು ಅಪ್ಪ ತಿಳಿದಿರಬೇಕು.

ಗಂಡ ಉತ್ಸಾಹದಿಂದ ತೋಳು ಮಡಚಿದರು. ಅತ್ತೆ ಬಾಗಿಲಲ್ಲಿ ನಿಂತು ಒಂದೇ ಮಾತು ಅಂದರು.

"ತಮ್ಮಾ, ನೀ ಮುಟ್ಟಬ್ಯಾಡ. ಬಸರಿ ಹೆಂಡ್ತಿ ಇದ್ದಾಂವ ಕಾಯಿ ಒಡೀಬಾರ್ದು."

ನಿಜ, ನಮ್ಮ ಕಡೆ ಹಾಗೊಂದು ಶಾಸ್ತ್ರವಿದೆ. ಬಸುರಿಯ ಗಂಡ ಕಾಯಿ ಒಡೆಯಬಾರದು, ಹೆಣ ಹೊರಬಾರದು, ಗಡ್ಡ ಬೋಳಿಸಬಾರದು. ಗಡ್ಡದ ವಿಷಯಕ್ಕೆ ಮಾತ್ರ ನಮ್ಮ ಮನೆಯಲ್ಲಿ ರಿಯಾಯಿತಿ ಇತ್ತು, ಯಾಕೆಂದರೆ ಹೆಡ್ಮಾಸ್ತರರು ಒಪ್ಪುತ್ತಿರಲಿಲ್ಲ. ಶಾಸ್ತ್ರಗಳೆಲ್ಲ ಸಾಲಿಯ ಗೇಟಿನ ತನಕ ಬಂದು ಹೊರಗೇ ನಿಲ್ಲುತ್ತಿದ್ದವು. ಇನ್ನು ಬಸುರಿ ಕಾಯಿ ಒಡೆಯುವುದಿರಲಿ, ಒಡೆಯುವುದನ್ನು ನೋಡಲೂಬಾರದು. ಗಂಡ ಸತ್ತವಳು ಶುಭದ ಕಾಯಿಯನ್ನು ಮುಟ್ಟಬಾರದು. ಹೀಗೆ ಮೂವರಿದ್ದ ಮನೆಯಲ್ಲಿ ಮೂವರೂ ಅನರ್ಹರಾದೆವು. ಎಡಗಡೆ ಮನೆಯವನನ್ನು ಕರೆಯೋಣವೆಂದರೆ ಅವನ ಹೆಂಡತಿಗೆ ಐದು ತಿಂಗಳು. ಎದುರು ಮನೆಯವನ ಹೆಂಡತಿಗೆ ಏಳು. ಕೆಂಪು ತ್ರಿಕೋನ ಗೋಡೆಯ ಮೇಲಿಂದ ನಮ್ಮನ್ನೆಲ್ಲ ನೋಡುತ್ತಿತ್ತು. ದೇವರು ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರಲ್ಲ, ನಮ್ಮ ಮನೆಯಲ್ಲಿ ಪೂಜಾರಿಯ ಕೆಲಸವನ್ನು ಅತ್ತೆ ಸಂಬಳವಿಲ್ಲದೆ ಮಾಡುತ್ತಿದ್ದರು. ಒಣಗಿದ ತುಟಿಯನ್ನು ಒಣಗಿದ ನಾಲಿಗೆಯಿಂದ ಸವರಿಕೊಳ್ಳುತ್ತ ನಾನು ಚೀಲದ ಕಡೆ ನೋಡಿಕೊಂಡೇ ಮಲಗಿದೆ. ಒಂದು ದಿನ ಹೋಯಿತು.

ಮರುದಿನ ಗಂಡ ಒಬ್ಬ ಅರ್ಹನನ್ನು ಹುಡುಕಿ ತಂದರು. ಅವರ ಸಾಲಿಯ ಕವಾಯತಿನ ಮಾಸ್ತರ. ಮದುವೆಯಾಗಿರಲಿಲ್ಲ. ಅದೊಂದೇ ಅರ್ಹತೆಯನ್ನು ನೋಡಿ ಕರೆತಂದಿದ್ದರೆಂದು ಆಮೇಲೆ ಗೊತ್ತಾಯಿತು. ಕೊರಳಲ್ಲಿ ಸೀಟಿ, ಒಂದು ಕೈಯಲ್ಲಿ ಜೋಳ ಕೊಯ್ಯುವ ಕುಡಗೋಲು, ಇನ್ನೊಂದರಲ್ಲಿ ಕೊಡಲಿ. ಎಳನೀರಿಗೆ ಬಂದವರೋ ದಂಡಿಗೆ ಹೊರಟವರೋ ತಿಳಿಯುವಂತಿರಲಿಲ್ಲ.

"ಚಿಂತಿ ಬಿಡ್ರಿ ಅವ್ವಾರ," ಎಂದರು ಅತ್ತೆಗೆ. "ನಾ ಬಸವನ ಬಾಗೇವಾಡಿಯಾಂವ. ನಮ್ಮೂರಾಗ ಕಾಯಿ ಒಡದ ಒಡದ ಕೈ ಪಳಗಿ ಬಿಟ್ಟಾವ್ರಿ."

ಅತ್ತೆ ನನ್ನನ್ನು ಒಳಕೋಣೆಗೆ ಕಳಿಸಿ ಬಾಗಿಲು ಹಾಕಿದರು. "ಕಿವಿ ಮುಚ್ಕೋ ಯವ್ವಾ. ಸಪ್ಪಳಾನೂ ಬೀಳಬಾರ್ದು," ಎಂದರು. ನಾನು ಮುಚ್ಚಿಕೊಳ್ಳಲಿಲ್ಲ. ಆ ಮನೆಯಲ್ಲಿ ನನ್ನ ಪಾಲಿಗೆ ಉಳಿದಿದ್ದ ಮನರಂಜನೆ ಅದೊಂದೇ.

ಮೊದಲು ಕುಡಗೋಲು. ಹುಲ್ಲು ಕೊಯ್ಯುವ ಬಾಗಿದ ಅಲಗು ಗುಂಡಗಿನ ಹಸಿ ಕಾಯಿಯ ಮೇಲೆ ಜರ್ರನೆ ಜಾರುವ ಸದ್ದು ಏಳೆಂಟು ಸಲ ಕೇಳಿತು. "ಈ ಕುಡಗೋಲ ಮೊಂಡ ಐತ್ರಿ," ಎಂದರು ಮಾಸ್ತರರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಆಮೇಲೆ ಕೊಡಲಿಯ ಸರದಿ. ಕಾಯಿಯನ್ನು ಬಟ್ಟೆ ಒಗೆಯುವ ಕಲ್ಲಿನ ಮೇಲಿಟ್ಟು, ಉರುಳದಂತೆ ಎಡಗೈಯಿಂದ ಹಿಡಿದುಕೊಂಡು, ಬಲಗೈಯಿಂದ ಕೊಡಲಿ ಎತ್ತಿದರಂತೆ. ಅಂದರೆ ಕಾಯಿಗೆ ಒಂದು ಅವಕಾಶ, ಕೈಗೆ ಒಂದು ಅವಕಾಶ. ಕೊಡಲಿ ಎರಡಕ್ಕೂ ಅನ್ಯಾಯ ಮಾಡಲಿಲ್ಲ. ಕಲ್ಲಿಗೆ ಲೋಹ ಬಡಿದ ಸದ್ದು ಬಂತು, ಹಿಂದೆಯೇ "ಯವ್ವಾ!" ಎಂಬ ಕೂಗು ಬಂತು, ಆಮೇಲೆ ಅತ್ತೆ ಅರಿಶಿನದ ಡಬ್ಬಿಗೆ ಓಡಿದ ಸಪ್ಪಳ. ಪುಣ್ಯಕ್ಕೆ ಹೆಬ್ಬೆರಳಿನ ತೊಗಲು ಮಾತ್ರ ಹೋಗಿತ್ತು. ಕಾಯಿ ಎರಡು ಹೋಳಾಗಿ ನೀರೆಲ್ಲ ಬಚ್ಚಲ ಮೋರಿಗೆ ಹರಿದಿತ್ತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುವುದನ್ನು ನಮ್ಮ ಬಚ್ಚಲು ಕಣ್ಣಾರೆ ಕಂಡಿತು.

ಹೋಳಿನ ತಳದಲ್ಲಿ ಉಳಿದಿದ್ದ ಎರಡು ಗುಟುಕನ್ನು ಸೋಸಿ ಕೊಟ್ಟರು. ಅದರಲ್ಲಿ ನಾರು, ಕೊಡಲಿಯ ತುಕ್ಕಿನ ವಾಸನೆ, ಬಹುಶಃ ಬಾಗೇವಾಡಿಯ ರಕ್ತವೂ ಇತ್ತು. ಕುಡಿದೆ. ಕುಡಿದ ವೇಗದಲ್ಲೇ ಕಕ್ಕಿದೆ. ಎರಡು ದಿನ ಹೋಯಿತು.

ಮೂರನೆಯ ದಿನ ವಿಜ್ಞಾನ ಮುಂದೆ ಬಂತು. ಗಂಡ ಪಾಟಿಯ ಮೇಲೆ ಎಳನೀರಿನ ಉದ್ದಸೀಳಿನ ಚಿತ್ರ ಬರೆದರು. ಹೊರಗೆ ಸಿಪ್ಪೆ, ಒಳಗೆ ನಾರು, ಅದರೊಳಗೆ ಎಳೆಯ ಚಿಪ್ಪು, ಚಿಪ್ಪಿನ ತೊಟ್ಟಿನ ಕಡೆ ಮೂರು ಕಣ್ಣು, ಅವುಗಳಲ್ಲಿ ಒಂದು ಮೆತ್ತಗೆ. ಬಾಣದ ಗುರುತುಗಳನ್ನೂ ಹಾಕಿದರು. ಹೆಂಡತಿ ಒಣಗಿ ಒಲೆಯ ಕಟ್ಟಿಗೆಯಾಗುತ್ತಿದ್ದರೂ ಬಾಣದ ಗುರುತು ಸೊಟ್ಟಗಾಗಬಾರದು, ಅದು ಮಾಸ್ತರಿಕೆ. ಚಿತ್ರ ಮುಗಿದ ಮೇಲೆ ತಾಯಿಯ ಮುಂದೆ ವಾದ ಹೂಡಿದರು.

"ಯವ್ವಾ, ಎಳನೀರು ಕಾಯಿ ಅಲ್ಲ. ಒಳಗ ಕೊಬ್ಬರಿ ಬಲತಿಲ್ಲ, ದೇವರಿಗೆ ಏರಸೂದಿಲ್ಲ. ಕಾಯಿ ಅಲ್ಲದ್ದಕ್ಕ ಕಾಯಿ ಶಾಸ್ತ್ರ ಯಾಕ?"

ಅತ್ತೆ ಜೋಳ ಹಸನು ಮಾಡುತ್ತಿದ್ದವರು ಮೊರದಿಂದ ತಲೆ ಎತ್ತಲಿಲ್ಲ. "ಕಾಯಿ ಕಾಯಿನ. ಎಳೇದಾದ್ರ ಏನಾತು? ಎಳಿ ಕೂಸು ಮನಷ್ಯಾ ಅಲ್ಲೇನು?"

ಆ ಮಾತಿಗೆ ಗಂಡ ಬಳಪ ಕೆಳಗಿಟ್ಟರು. ಹಿಂದಿನ ವರ್ಷದ ಮೂರು ತಿಂಗಳು ನಮ್ಮ ನಡುವೆ ಬಂದು ಕೂತುಬಿಟ್ಟಿತ್ತು.

ಸ್ವಲ್ಪ ಹೊತ್ತಿಗೆ ಗಂಡ ಎದ್ದುಹೋಗಿ ಓಣಿಯ ಕೊನೆಯ ಬಡಿಗನಿಂದ ಬೈರಿಗೆ ತಂದರು. ಕಟ್ಟಿಗೆಗೆ ತೂತು ಕೊರೆಯುವ ಕಬ್ಬಿಣದ ಕಡ್ಡಿ, ಮೇಲೆ ಅಡ್ಡಹಿಡಿಕೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವ ಉಪಾಯ. "ಇದು ಒಡಿಯೂದಲ್ಲ ಯವ್ವಾ, ಕೊರಿಯೂದು. ಶಾಸ್ತ್ರದಾಗ ಕೊರೀಬಾರ್ದು ಅಂತ ಎಲ್ಲೈತಿ?"

"ಕನ್ನ ಹಾಕಿದ್ರೂ ಕಳವು ಕಳವ," ಎಂದರು ಅತ್ತೆ.

ಹೈಕೋರ್ಟಿನ ವಕೀಲನೂ ಅವರ ಮುಂದೆ ಕರಿಕೋಟು ಬಿಚ್ಚಿಡಬೇಕಿತ್ತು. ಬೈರಿಗೆ ಮೂಲೆ ಸೇರಿತು. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಮೊಮ್ಮಗು ಉಳಿಯುವುದಕ್ಕಿಂತ ಈ ಮುದುಕಿಗೆ ಮಡಿ ಹೆಚ್ಚಾಯಿತೇ ಎಂದು ಗೋಡೆಯ ಕಡೆ ಹೊರಳಿ ಅತ್ತುಬಿಟ್ಟೆ. ಅಳಲಿಕ್ಕೂ ಕಣ್ಣಲ್ಲಿ ನೀರು ಸಾಕಷ್ಟು ಇರಲಿಲ್ಲ.

ನಾಲ್ಕನೆಯ ದಿನ ಗಂಡ ಬಿಜಾಪುರಕ್ಕೆ ಹೋಗಲು ಜೀಪು ಗೊತ್ತುಮಾಡಲೆಂದು ಹೊರಗೆ ಹೋದರು. ಕೈಚೀಲದಲ್ಲಿ ನನ್ನ ಎರಡು ಸೀರೆ, ಒಂದು ಲೋಟ, ಒಂದು ಚಾದರ ತುಂಬಿಟ್ಟಿದ್ದರು. ಮಧ್ಯಾಹ್ನದ ಹೊತ್ತು. ಎದ್ದು ಕೂತರೆ ಕಣ್ಣು ಕತ್ತಲಿಡುತ್ತಿತ್ತು. ನಾಲ್ಕು ತಾಸು ಜೀಪಿನಲ್ಲಿ ಆ ರಸ್ತೆಯ ಮೇಲೆ ಕುಲುಕಿದರೆ ಹೊಟ್ಟೆಯಲ್ಲಿದ್ದದ್ದು ಉಳಿಯುವುದಿಲ್ಲ ಎಂದು ನನಗೆ ಖಾತ್ರಿಯಾಗಿತ್ತು. ಗೋಡೆ ಹಿಡಿದುಕೊಂಡು ಎದ್ದು, ಮೂಲೆಗೆ ಹೋಗಿ ಬೈರಿಗೆ ಕೈಗೆತ್ತಿಕೊಂಡೆ. ಚೀಲದಿಂದ ಒಂದು ಎಳನೀರು ಹೊರಗೆಳೆದೆ.

ಅಡಿಗೆಮನೆಯಿಂದ ಅತ್ತೆ ಓಡಿ ಬಂದು ನನ್ನ ಕೈ ಹಿಡಿದರು. "ಏ ಹುಚ್ಚಿ, ನೀ ಮುಟ್ಟಬ್ಯಾಡ! ಬಿಡು ಅದನ್ನ!"

"ಹಂಗಾರ ನೀವ ಮಾಡ್ರಿ," ಎಂದೆ. ಅತ್ತೆಗೆ ಅದುವರೆಗೆ ನಾನು ಎದುರು ಮಾತಾಡಿದವಳಲ್ಲ. "ನಿಮ್ಮ ಮಗಾ ಮಾಡಬಾರ್ದು, ನಾ ಮಾಡಬಾರ್ದು. ನೀವು ಯಾಕ ಮಾಡಬಾರ್ದು? ನಿಮಗ ನಿಮ್ಮ ಮಡಿನ ದೊಡ್ಡದೇನು?"

ಅತ್ತೆ ಬೈರಿಗೆ ಕಸಿದುಕೊಂಡರು. ಆದರೆ ಬೈಯಲಿಲ್ಲ. ನೆಲಕ್ಕೆ ಕುಸಿದು ಕೂತರು.

"ನನ್ನ ಕೈ ಛಲೋ ಕೈ ಅಲ್ಲ ಯವ್ವಾ," ಎಂದರು. "ಹ್ವಾದ ವರ್ಸ ನಿನ್ನ ಉಡ್ಯಾಗ ಕಾಯಿ ಹಾಕಿದಾಕಿ ನಾನ."

ನನಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ನೆನಪಾಯಿತು. ಹಿಂದಿನ ವರ್ಷ ಮೊದಲ ಬಸುರಿನಲ್ಲಿ ನಾನು ಇಂಡಿಗೆ ಹೊರಟ ದಿನ ಬಸ್ಸಿಗೆ ಹೊತ್ತಾಗಿತ್ತು. ಉಡಿ ತುಂಬಲು ಓಣಿಯ ಮುತ್ತೈದೆಯರು ಒಬ್ಬರೂ ಸಿಗಲಿಲ್ಲ, ಎಲ್ಲರೂ ಹೊಲಕ್ಕೆ ಹೋಗಿದ್ದರು. ಬಸುರಿಯನ್ನು ಬರಿ ಉಡಿಯಲ್ಲಿ ಕಳಿಸಬಾರದೆಂದು ಅತ್ತೆಯೇ ಗಡಿಬಿಡಿಯಲ್ಲಿ ಒಂದು ಕಾಯಿ, ಒಂದು ಹಿಡಿ ಅಕ್ಕಿ ನನ್ನ ಸೆರಗಿಗೆ ಹಾಕಿದ್ದರು. ಬಸ್ಸು ಸಿಕ್ಕ ಖುಷಿಯಲ್ಲಿ ನಾನದನ್ನು ಮರೆತಿದ್ದೆ. ಹದಿನೈದು ದಿನಕ್ಕೆ ಇಂಡಿಯಲ್ಲಿ ಬಸುರು ಇಳಿದುಹೋಯಿತು. ನಾನು ಅತ್ತು, ಅವ್ವನ ಮಡಿಲಲ್ಲಿ ಮಲಗಿ, ಮರಳಿ ಬಂದಿದ್ದೆ. ಇಲ್ಲಿ ಈ ಹೆಂಗಸು ಒಂದು ವರ್ಷ ಪೂರ್ತಿ ನನಗೆ ರೊಟ್ಟಿ ಬಡಿದು ಹಾಕುತ್ತ, ತನ್ನ ಕೈಯೇ ಮೊಮ್ಮಗುವನ್ನು ತಿಂದಿತು ಎಂದು ಒಳಗೊಳಗೇ ಬೇಯುತ್ತಿದ್ದರು.

ನಾನು ನಾಲ್ಕು ದಿನದಿಂದ ಮನಸ್ಸಿನಲ್ಲೇ ಕಟ್ಟಿಟ್ಟುಕೊಂಡಿದ್ದ ಚುಚ್ಚುಮಾತುಗಳನ್ನು ನೆನೆದು ನಾಚಿಕೆಯಾಯಿತು. ಅವರ ಪಕ್ಕ ನೆಲದ ಮೇಲೆ ಕೂತೆ.

"ಅತ್ತೀ, ಆ ಕೈಲೆ ದಿನಾ ಉಣ್ಣಾಕತ್ತೇನಿ. ಇವತ್ತ ಆ ಕೈಲೆನ ಕುಡೀತೇನಿ. ಬ್ಯಾರೆ ಯಾರ ಕೊಟ್ರೂ ಕುಡಿಯೂದಿಲ್ಲ."

"ಏನರ ಆತಂದ್ರ?"

"ಆದ್ರ ನಾ ಕೇಳಿ ಕುಡದದ್ದು. ನಿಮ್ಮ ಮ್ಯಾಲ ಇಲ್ಲ."

ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡರು. ಆಮೇಲೆ ಎದ್ದು ಹೋಗಿ ಬಾಗಿಲಿನ ಚಿಲಕ ಹಾಕಿದರು. ಓಣಿಗೆ ಕಾಣಬಾರದಲ್ಲ. ದೇವರಿಗಿಂತ ಓಣಿಯ ಕಣ್ಣು ಹರಿತ ಎನ್ನುವುದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಆಮೇಲೆ ನಾನು ನೋಡಿದ್ದನ್ನು ಯಾವ ಡಬ್ಬಿಯ ಮೇಲೂ ಬರೆದಿಲ್ಲ. ಅವರು ಕೊಡಲಿಯ ಕಡೆ ತಿರುಗಿಯೂ ನೋಡಲಿಲ್ಲ. ಅಡಿಗೆಮನೆಯ ಈಳಿಗೆ ತಂದು, ಅದರ ಮಣೆಯ ಮೇಲೆ ಕಾಲೂರಿ ಕೂತರು. ಎರಡೂ ಕೈಯಲ್ಲಿ ಎಳನೀರನ್ನು ಹಿಡಿದು, ಕುಂಬಳಕಾಯಿಯ ಸಿಪ್ಪೆ ತೆಗೆಯುವಂತೆ, ತೊಟ್ಟಿನ ಕಡೆಯಿಂದ ಅಲಗಿಗೆ ಒತ್ತಿ ಒತ್ತಿ ಸ್ವಲ್ಪಸ್ವಲ್ಪವೇ ನಾರು ಇಳಿಸಿದರು. ಗಂಡಸರ ಕೈಯ ಕೊಡಲಿ ಮೇಲಿಂದ ಬೀಳುವ ಆಯುಧ, ಎಲ್ಲಿ ಬೀಳುತ್ತದೆಂದು ಅದಕ್ಕೂ ಗೊತ್ತಿಲ್ಲ, ಅವರಿಗೂ ಗೊತ್ತಿಲ್ಲ. ಇಲ್ಲಿ ಅಲಗು ತನ್ನ ಪಾಡಿಗೆ ನಿಂತಿತ್ತು, ಕಾಯಿಯೇ ಅದರ ಹತ್ತಿರ ಹೋಗಿ ಬರುತ್ತಿತ್ತು. ಎರಡು ಕೈಗೂ ಕಾಯಿ ಹಿಡಿಯುವ ಕೆಲಸವಿದ್ದದ್ದರಿಂದ ಯಾವ ಬೆರಳೂ ಅಲಗಿನ ದಾರಿಗೆ ಹೋಗಲಿಲ್ಲ. ಬುಡವನ್ನೂ ಒಂದಿಷ್ಟು ಸವರಿ ಸಪಾಟು ಮಾಡಿದರು. ಕೊಡ ಹೊರುವಾಗ ತಲೆಯ ಮೇಲಿಡುವ ಸಿಂಬಿಯನ್ನು ನೆಲಕ್ಕಿಟ್ಟು ಕಾಯಿಯನ್ನು ಅದರಲ್ಲಿ ಕೂಡಿಸಿದರು. ಅಲ್ಲಾಡಿಸಿದರೂ ಉರುಳಲಿಲ್ಲ. ಬೈರಿಗೆಯನ್ನು ಕುದಿನೀರಲ್ಲಿ ತೊಳೆದರು. ಹೆಬ್ಬೆರಳಿಂದ ಒತ್ತಿ ಒತ್ತಿ ಮೆತ್ತಗಿನ ಕಣ್ಣನ್ನು ಹುಡುಕಿದರು.

ಮಗ ಪಾಟಿಯ ಮೇಲೆ ಬರೆದದ್ದನ್ನು ಮೊರದಿಂದ ತಲೆ ಎತ್ತದ ಆ ಹೆಂಗಸು ಪೂರ್ತಿ ಓದಿಕೊಂಡಿದ್ದರು.

ಕೊರೆಯುವ ಮೊದಲು ಬೈರಿಗೆಯನ್ನು ಎರಡು ಸಲ ಇಟ್ಟು ಎರಡು ಸಲ ತೆಗೆದರು. ನಾನು ಅವರ ಕೈಯ ಮೇಲೆ ಕೈ ಇಡಲು ಹೋದೆ, ಮೊಣಕೈಯಿಂದ ತಳ್ಳಿದರು. "ನೀ ಆ ಕಡೆ ಮುಖಾ ಮಾಡು." ಆ ಕಡೆ ಮುಖ ಮಾಡಿದೆ. ಅಷ್ಟು ಶಾಸ್ತ್ರವನ್ನಾದರೂ ಉಳಿಸಿಕೊಳ್ಳಲಿ ಪಾಪ ಎನಿಸಿತು. ಬೈರಿಗೆ ಕಿರಕಿರ ತಿರುಗಿ, ಸಣ್ಣಗೆ ಬುಸ್ ಎಂದಿತು. ಒಂದು ಹನಿ ನೀರೂ ನೆಲಕ್ಕೆ ಬೀಳಲಿಲ್ಲ.

ಮೊದಲ ಚಮಚ ಕುಡಿದೆ. ಇಬ್ಬರೂ ಕಾದೆವು. ಅತ್ತೆಯ ಕಣ್ಣು ನನ್ನ ಗಂಟಲ ಮೇಲೆಯೇ ಇತ್ತು. ಎರಡನೆಯದು. ಮೂರನೆಯದು. ಹೊರಗೆ ಯಾರದೋ ಎಮ್ಮೆ ಕೂಗಿತು. ಹತ್ತನೆಯ ಚಮಚಕ್ಕೆ ನನಗೆ ತೇಗು ಬಂತು. ಅತ್ತೆ ಬೋಗುಣಿ ಹಿಡಿದುಕೊಂಡು ಓಡಿ ಬಂದರು. ಏನೂ ಹೊರಗೆ ಬರಲಿಲ್ಲ. ಬೋಗುಣಿ ಹಿಡಿದುಕೊಂಡೇ ಅತ್ತೆ ಅಳತೊಡಗಿದರು. ನಾನೂ ಅತ್ತುಬಿಟ್ಟೆ. ಈ ಸಲ ಕಣ್ಣಲ್ಲಿ ನೀರಿತ್ತು.

ಸಂಜೆ ಗಂಡ ಜೀಪಿನೊಂದಿಗೆ ಬಂದಾಗ ನಾನು ಕೂತು ಗಂಜಿ ಕುಡಿಯುತ್ತಿದ್ದೆ. ಮೂಲೆಯಲ್ಲಿ ತೂತು ಬಿದ್ದ ಎಳನೀರು ಕಂಡು ಅವರ ಮುಖ ಅರಳಿತು. "ನಾ ಹೇಳಿದ್ದಿಲ್ಲೇನು, ಕೊರಿಯೂದು ಬ್ಯಾರೆ, ಒಡಿಯೂದು ಬ್ಯಾರೆ?" ಎಂದರು. ಅದು ತಮ್ಮ ಸಿದ್ಧಾಂತದ ಜಯವೆಂದೇ ಅವರು ಇವತ್ತಿಗೂ ನಂಬಿದ್ದಾರೆ. ಅತ್ತೆಯಂತೂ ಓಣಿಯಲ್ಲೆಲ್ಲ ಕವಾಯತಿನ ಮಾಸ್ತರರೇ ಒಡೆದುಕೊಟ್ಟರೆಂದು ಹೇಳಿಕೊಂಡು ಬಂದರು. ಆ ಪುಣ್ಯಾತ್ಮರು ಹೆಬ್ಬೆರಳಿಗೆ ಸುತ್ತಿದ ಬಿಳಿ ಪಟ್ಟಿಯನ್ನು ಗಾಯ ಮಾಯ್ದ ಮೇಲೂ ಒಂದು ವಾರ ಬಿಚ್ಚಲಿಲ್ಲ. ಉಳಿದ ನಾಲ್ಕು ಎಳನೀರನ್ನೂ, ಅಪ್ಪ ಆಮೇಲೆ ಕಳಿಸಿದ ಎರಡು ಚೀಲಗಳನ್ನೂ ಅತ್ತೆಯೇ ಚಿಲಕ ಹಾಕಿಕೊಂಡು ಕೊರೆದರು.

ಮಗಳು ಇಂಡಿಯಲ್ಲಿ ಹುಟ್ಟಿದಳು. ತೊಟ್ಟಿಲಿಗೆ ಹಾಕುವ ದಿನ ಮುದ್ದೇಬಿಹಾಳದಿಂದ ಅತ್ತೆಯೂ ಬಂದಿದ್ದರು. ಪಡಸಾಲೆಯ ತುಂಬ ಹೆಂಗಸರು, ಮುಂದಿನ ಸಾಲಿನಲ್ಲಿ ಹಸಿರು ಬಳೆ, ಕುಂಕುಮ. ಅತ್ತೆ ಹಿಂದೆ, ಕಂಬದ ಮರೆಗೆ ಕೂತಿದ್ದರು. ಯಾರೂ ಅವರನ್ನು ಅಲ್ಲಿ ಕೂರಿಸಿರಲಿಲ್ಲ. ಇಂಥ ಜಾಗಗಳನ್ನು ಗಂಡ ಸತ್ತವರಿಗೆ ಯಾರೂ ತೋರಿಸಬೇಕಾಗಿರಲಿಲ್ಲ, ತಾವೇ ಹುಡುಕಿಕೊಂಡು ಹೋಗುತ್ತಿದ್ದರು. ಮುತ್ತೈದೆಯರು ಒಬ್ಬೊಬ್ಬರಾಗಿ ಬಂದು ನನ್ನ ಉಡಿಗೆ ಅಕ್ಕಿ, ಕಾಯಿ, ಖಣ ಹಾಕಿದರು. ಎಲ್ಲರದೂ ಮುಗಿದ ಮೇಲೆ ನಾನು ಎದ್ದೆ. ತುಂಬಿದ ಸೆರಗನ್ನು ಹಿಡಿದುಕೊಂಡು ಕಂಬದ ಹತ್ತಿರ ಹೋಗಿ, ಅತ್ತೆಯ ಮುಂದೆ ಉಡಿ ಒಡ್ಡಿ ನಿಂತೆ.

ಹಾಡು ನಿಂತಿತು. ನನ್ನ ಅವ್ವ ಅಲ್ಲಿಂದಲೇ ಕಣ್ಣು ಬಿಟ್ಟಳು. ಅತ್ತೆ ಎರಡೂ ಕೈಗಳನ್ನು ಸೆರಗಿನೊಳಗೆ ಅಡಗಿಸಿಕೊಂಡು ತಲೆ ಅಲ್ಲಾಡಿಸಿದರು. ನಾನು ಕದಲಲಿಲ್ಲ. ಹೆಂಗಸರಲ್ಲಿ ಗುಸುಗುಸು ಹುಟ್ಟಿತು. ಅತ್ತೆ ಎದ್ದು, ಯಾರ ಮುಖವನ್ನೂ ನೋಡದೆ ಹಿತ್ತಲ ಬಾಗಿಲಿಂದ ಹೊರಗೆ ಹೋದರು. ಎಲ್ಲರೆದುರು ಅವರನ್ನು ನೋಯಿಸಿಬಿಟ್ಟೆನಲ್ಲ ಎಂದು ತುಂಬಿದ ಉಡಿ ಹಿಡಿದುಕೊಂಡು ಅಲ್ಲೇ ನಿಂತೆ.

ಮರಳಿ ಬಂದಾಗ ಅವರ ಕೈಯಲ್ಲಿ ಆ ಬೆಳಿಗ್ಗೆ ತೋಟದಿಂದ ಇಳಿಸಿ ತಂದಿದ್ದ ಒಂದು ಎಳನೀರು ಇತ್ತು. ಸೀದಾ ಬಂದು ಅದನ್ನು ನನ್ನ ಉಡಿಯೊಳಗೆ ಇಟ್ಟರು. ಭಾರಕ್ಕೆ ನನ್ನ ಸೆರಗು ಜಗ್ಗಿತು. ಆಮೇಲೆ ಬಾಯಿ ತೆರೆದು ನಿಂತಿದ್ದ ಮುತ್ತೈದೆಯರ ಕಡೆ ತಿರುಗಿ, ಮೊರದ ಮುಂದೆ ಕೂತು ತೀರ್ಪು ಕೊಡುತ್ತಿದ್ದ ಅದೇ ದನಿಯಲ್ಲಿ ಹೇಳಿದರು.

"ಹಿಂಗ್ಯಾಕ ನೋಡ್ತೀರಿ? ಇದು ಕಾಯಿ ಅಲ್ಲ, ಎಳನೀರು. ಇದಕ್ಕ ಶಾಸ್ತ್ರ ಇಲ್ಲ."